ಬಿದ್ದವರನ್ನು ಎತ್ತುವ ಗದ್ದಲ

ಕಪ್ಪು ಟೀಶರ್ಟು, ಉದ್ದ ಕೂದಲು, ಕಿವಿಗಡಚಿಕ್ಕುವ ಗಿಟಾರು. ಹೊರಗಿನವರ ಕಣ್ಣಿಗೆ ಹೆವಿ ಮೆಟಲ್ ಅಂದರೆ ಬರೀ ಸಿಟ್ಟು, ಕೂಗಾಟ. ಒಳಹೊಕ್ಕವರಿಗೆ ಅಲ್ಲಿ ಸಿಗುವುದು ಗೆಳೆತನ. ಬರ್ಮಿಂಗ್‌ಹ್ಯಾಮ್‌ನ ಕಾರ್ಮಿಕರ ಬೀದಿಯಲ್ಲಿ ಹುಟ್ಟಿ ಬೆಂಗಳೂರಿನ ಅರಮನೆ ಮೈದಾನದವರೆಗೆ ಬಂದ ಈ ಸಂಗೀತ ಎಷ್ಟೋ ಒಂಟಿ ಜೀವಗಳಿಗೆ ಜೊತೆ ಕೊಟ್ಟಿದೆ.

ಡ್ರಮ್ಮಿನ ಏಟು ನೇರ ಎದೆಗೇ ಬೀಳುತ್ತಿದೆ. ವೇದಿಕೆಯ ಮುಂದಿನ ಜನ ಇದ್ದಕ್ಕಿದ್ದಂತೆ ಹಿಂದೆ ಸರಿದು ನಡುವೆ ಒಂದಿಷ್ಟು ಜಾಗ ಬಿಡುತ್ತಾರೆ. ಗಿಟಾರು ವೇಗ ಹಿಡಿಯಿತೋ ಇಲ್ಲವೋ, ನಲವತ್ತು ಐವತ್ತು ಮಂದಿ ಆ ಖಾಲಿ ಜಾಗಕ್ಕೆ ನುಗ್ಗುತ್ತಾರೆ. ಭುಜಕ್ಕೆ ಭುಜ, ಬೆನ್ನಿಗೆ ಬೆನ್ನು ಡಿಕ್ಕಿ. ಬೆವರು, ಧೂಳು, ಹಾರಾಡುವ ಕೂದಲು. ಬೇಲಿಯ ಪಕ್ಕ ನಿಂತ ಕಾನ್‌ಸ್ಟೆಬಲ್‌ಗೆ ಇದು ಹೊಡೆದಾಟವೋ ಕುಣಿತವೋ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗ ಕಾಲು ಜಾರಿ ಬೀಳುತ್ತಾನೆ.

ಮುಂದಿನದನ್ನು ನೋಡಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೈದು ಮಂದಿ ತೋಳು ಚಾಚಿ ಅವನ ಸುತ್ತ ನಿಲ್ಲುತ್ತಾರೆ. ಇಬ್ಬರು ಕಂಕುಳಿಗೆ ಕೈ ಕೊಟ್ಟು ಎಬ್ಬಿಸುತ್ತಾರೆ. ‘ಏನೂ ಆಗ್ಲಿಲ್ಲ ತಾನೇ ಮಗಾ?’ ಅಂತ ಒಬ್ಬ ಕೇಳುತ್ತಾನೆ. ಕಳಚಿಹೋದ ಒಂದು ಶೂವನ್ನು ಇನ್ಯಾರೋ ತಲೆಯ ಮೇಲೆ ಎತ್ತಿ ಹಿಡಿದಿದ್ದಾರೆ, ಕಳಕೊಂಡವನಿಗೆ ಕಾಣಲಿ ಅಂತ. ಹುಡುಗ ಶೂ ತೊಟ್ಟು, ಬೆನ್ನು ತಟ್ಟಿಸಿಕೊಂಡು, ಮತ್ತೆ ಒಳಗೆ ನುಗ್ಗುತ್ತಾನೆ. ಎಬ್ಬಿಸಿದವರ ಊರು ಯಾವುದು, ಹೆಸರೇನು, ಅವನಿಗೆ ತಿಳಿಯದು. ಅವರಿಗೂ ಇವನದು ಬೇಕಿಲ್ಲ.

ಇದಕ್ಕೆ ಮಾಶ್ ಪಿಟ್ ಅನ್ನುತ್ತಾರೆ. ಯಾವ ದೇಶದ ಮೆಟಲ್ ಶೋಗೆ ಹೋದರೂ ಇದೇ ನೋಟ, ಇದೇ ಮೊದಲ ನಿಯಮ: ಬಿದ್ದವರನ್ನು ಎತ್ತು. ಐವತ್ತಾರು ವರ್ಷಗಳ ಈ ಸಂಗೀತಕ್ಕೆ ಇಷ್ಟು ನಿಷ್ಠೆಯ ಅಭಿಮಾನಿಗಳು ಯಾಕೆ ಅಂತ ಕೇಳುವವರಿಗೆ ನಾನು ಈ ನಿಯಮವನ್ನೇ ತೋರಿಸುತ್ತೇನೆ.

ಈಗ ಈ ಮಾತು ಎತ್ತಲು ಕಾರಣವಿದೆ. ಬ್ಲ್ಯಾಕ್ ಸಬಾತ್ ತಂಡದ ಗಾಯಕ ಓಝಿ ಓಸ್ಬೋರ್ನ್ ತೀರಿಕೊಂಡು ಈ ಜುಲೈ 22ಕ್ಕೆ ಒಂದು ವರ್ಷ. ಬರುವ ಮಾರ್ಚ್ 17ಕ್ಕೆ ಐರನ್ ಮೇಡನ್ ತಂಡ ಬೆಂಗಳೂರಿನಲ್ಲಿ ಮೊದಲ ಸಲ ನುಡಿಸಿ ಇಪ್ಪತ್ತು ವರ್ಷ. ಮೊದಲನೆಯದು ಜಗತ್ತಿನ ಮೆಟಲ್ ಅಭಿಮಾನಿಗಳಿಗೆಲ್ಲ ಸೇರಿದ ದಿನ, ಎರಡನೆಯದು ನಮ್ಮದೇ.

ಕಾರ್ಖಾನೆಯ ಕೊನೆಯ ದಿನ

ಕಥೆ ಶುರುವಾಗುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆ್ಯಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಹದಿನೇಳರ ಹುಡುಗ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗಿಟಾರ್ ನುಡಿಸುವ ಆಸೆಯಿಂದ ಕೆಲಸ ಬಿಡಲು ತೀರ್ಮಾನಿಸಿದ್ದ. ಅದೇ ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ. ತಂತಿ ಒತ್ತಬೇಕಾದ ಬೆರಳುಗಳೇ ಅವು.

ಇನ್ನು ಗಿಟಾರ್ ಮುಗಿಯಿತು ಅಂತ ಮನೆಯಲ್ಲಿ ಕುಸಿದು ಕೂತಿದ್ದವನ ಬಳಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮೊಫೋನ್ ತಟ್ಟೆ ಹಿಡಿದು ಬಂದರು. ಜಾಂಗೋ ರೈನ್‌ಹಾರ್ಟ್ ಎಂಬ ಜಾಝ್ ಗಿಟಾರ್ ವಾದಕರ ಧ್ವನಿಮುದ್ರಣ ಅದು. ಬೆಂಕಿ ಅವಘಡದಲ್ಲಿ ಎರಡು ಬೆರಳುಗಳ ಬಲ ಕಳಕೊಂಡ ಮೇಲೂ ಜಾಂಗೋ ಹೀಗೆ ನುಡಿಸಿದರು ಅಂತ ಹೇಳಿ ಕೇಳಿಸಿದರು.

ಅಯೋಮಿ ಎದ್ದರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತೊಡುವ ಟೊಪ್ಪಿಗಳನ್ನು ಮಾಡಿಕೊಂಡರು, ಹಗುರ ತಂತಿ ಕಟ್ಟಿದರು. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದರು. ಗಿಟಾರಿನಿಂದ ಹಿಂದೆ ಯಾರೂ ಕೇಳದ ಭಾರದ, ಕತ್ತಲ ನಾದ ಹೊರಟಿತು. 1970ರ ಫೆಬ್ರವರಿ 13ರಂದು ಅವರ ತಂಡ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಂ ಹೊರಬಂತು. ಹೆವಿ ಮೆಟಲ್ ಹುಟ್ಟಿದ್ದು ಅಂದು ಎಂಬುದು ಬಹುತೇಕ ಅಭಿಮಾನಿಗಳ ಮಾತು.

ಬೆರಳ ತುದಿ ಕಳಕೊಂಡ ಹುಡುಗನ ಮನೆಗೆ ಒಬ್ಬ ಸಹೃದಯಿ ಹೋಗದೇ ಇದ್ದಿದ್ದರೆ ಈ ಸಂಗೀತದ ಚರಿತ್ರೆ ಬೇರೆಯೇ ಆಗುತ್ತಿತ್ತು. ಬಿದ್ದವರನ್ನು ಎತ್ತುವ ಗುಣ ಅದರ ಹುಟ್ಟಿನಲ್ಲೇ ಇತ್ತು.

ಮುಂದೆಯೂ ಅದು ಮತ್ತೆ ಮತ್ತೆ ಕಾಣಿಸಿಕೊಂಡಿತು. ಡೆಫ್ ಲೆಪರ್ಡ್ ತಂಡದ ಡ್ರಮ್ಮರ್ ರಿಕ್ ಆ್ಯಲನ್ 1984ರ ಡಿಸೆಂಬರ್ 31ರ ಕಾರು ಅಪಘಾತದಲ್ಲಿ ಎಡಗೈ ಕಳಕೊಂಡರು. ಡ್ರಮ್ಮರ್‌ಗೆ ಒಂದೇ ಕೈ! ಬೇರೆಯವರನ್ನು ಸೇರಿಸಿಕೊಂಡಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ತಂಡ ಕಾಯಿತು. ಎಡಗೈಯ ಕೆಲಸವನ್ನು ಕಾಲಿಗೆ ವಹಿಸುವ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಸಿದ್ಧವಾಯಿತು. 1986ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ ಉತ್ಸವದಲ್ಲಿ ಆ್ಯಲನ್ ನುಡಿಸಿದರು. ಇವತ್ತಿಗೂ ಅದೇ ತಂಡದಲ್ಲಿದ್ದಾರೆ.

ಮೆಟಾಲಿಕಾದ ಹುಟ್ಟು ಕೂಡ ಒಂಟಿತನದಿಂದಲೇ. 1980ರಲ್ಲಿ ಡೆನ್ಮಾರ್ಕ್ ಬಿಟ್ಟು ಲಾಸ್ ಏಂಜಲಿಸ್‌ಗೆ ಬಂದ ಲಾರ್ಸ್ ಉಲ್ರಿಕ್‌ಗೆ ತನ್ನ ಇಷ್ಟದ ಬ್ಯಾಂಡುಗಳ ಬಗ್ಗೆ ಮಾತಾಡಲು ಯಾರೂ ಸಿಗಲಿಲ್ಲ. ಮರುವರ್ಷ ಸ್ಥಳೀಯ ಪತ್ರಿಕೆಯಲ್ಲಿ, ಜೊತೆಗೆ ನುಡಿಸುವವರು ಬೇಕು ಅಂತ ಪುಟ್ಟ ಜಾಹೀರಾತು ಕೊಟ್ಟ. ಓಗೊಟ್ಟವನು ಹದಿನಾರಕ್ಕೇ ತಾಯಿಯನ್ನು ಕಳಕೊಂಡಿದ್ದ ಜೇಮ್ಸ್ ಹೆಟ್‌ಫೀಲ್ಡ್. ಇಬ್ಬರು ಒಂಟಿ ಹುಡುಗರು ಒಂದು ಕೋಣೆಯಲ್ಲಿ ಸೇರಿದ್ದರಿಂದ ಜಗತ್ತಿನ ಅತಿ ದೊಡ್ಡ ಮೆಟಲ್ ಬ್ಯಾಂಡ್ ಬೆಳೆಯಿತು.

ಬೀಳ್ಕೊಟ್ಟ ಊರು

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಬ್ಲ್ಯಾಕ್ ಸಬಾತ್‌ನ ವಿದಾಯದ ಕಾರ್ಯಕ್ರಮ ನಡೆಯಿತು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ನಿಲ್ಲಲಾಗದ ಓಝಿ ಕಪ್ಪು ಸಿಂಹಾಸನದಲ್ಲಿ ಕೂತು ಹಾಡಿದರು. ಅಯೋಮಿ, ಗೀಝರ್ ಬಟ್ಲರ್, ಬಿಲ್ ವಾರ್ಡ್ ಪಕ್ಕದಲ್ಲಿದ್ದರು. ಮೂಲ ನಾಲ್ವರು ಜೊತೆಗೂಡಿದ್ದು ಇಪ್ಪತ್ತು ವರ್ಷಗಳ ನಂತರ. ಎಲ್ಲರೂ ಬೆಳೆದ ಬಡಾವಣೆ ಅಲ್ಲೇ ಕಾಲ್ನಡಿಗೆಯ ದೂರದಲ್ಲಿತ್ತು. ಮೆಟಾಲಿಕಾ, ಸ್ಲೇಯರ್, ಆಂತ್ರಾಕ್ಸ್‌ನಂಥ ದೊಡ್ಡ ತಂಡಗಳು ತಾವು ಯಾರಿಂದ ಕಲಿತೆವೋ ಅವರಿಗಾಗಿ ಸಾಲಾಗಿ ಬಂದು ನುಡಿಸಿದವು. ಬಂದ ಹಣ ಪಾರ್ಕಿನ್ಸನ್ಸ್ ಸಂಶೋಧನೆ ಮತ್ತು ಮಕ್ಕಳ ಚಿಕಿತ್ಸೆಯ ಸಂಸ್ಥೆಗಳಿಗೆ.

ಹದಿನೇಳು ದಿನಗಳ ನಂತರ ಓಝಿ ಇಲ್ಲವಾದರು. ಬರ್ಮಿಂಗ್‌ಹ್ಯಾಮ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ಬ್ಲ್ಯಾಕ್ ಸಬಾತ್ ಹೆಸರಿನದೇ ಒಂದು ಸೇತುವೆಯಿದೆ. ಅಲ್ಲಿ ಹೂವಿನ ರಾಶಿ ಬಿತ್ತು. ಶವಯಾತ್ರೆ ಸಾಗಿದ ಜುಲೈ 30ರಂದು ಸಾವಿರಾರು ಮಂದಿ ಬೀದಿಯ ಎರಡೂ ಬದಿಗೆ ನಿಂತರು. ಬೋಳುತಲೆಯ ಹಿರಿಯರಿದ್ದರು, ಕಪ್ಪು ಟೀಶರ್ಟು ತೊಡಿಸಿದ ಮಕ್ಕಳನ್ನು ಹೆಗಲೇರಿಸಿಕೊಂಡ ಅಪ್ಪಂದಿರಿದ್ದರು. ಗುರುತಿಲ್ಲದವರು ಒಬ್ಬರನ್ನೊಬ್ಬರು ತಬ್ಬಿ ಅತ್ತರು. ಒಬ್ಬ ಹಾಡುಗಾರ ಸತ್ತದ್ದಕ್ಕೆ ಇಷ್ಟು ದುಃಖವೇ ಎಂದರೆ, ಅವರಲ್ಲಿ ಅನೇಕರಿಗೆ ಮೊದಲ ಗೆಳೆಯರು ಸಿಕ್ಕಿದ್ದೇ ಆತನ ಹಾಡಿನಿಂದ.

ಪಿಟ್‌ನ ಅಲಿಖಿತ ನಿಯಮಗಳು

• ಬಿದ್ದವರನ್ನು ತಕ್ಷಣ ಎತ್ತಬೇಕು. ಎತ್ತುವಾಗ ಉಳಿದವರು ಸುತ್ತ ನಿಂತು ಕಾಯಬೇಕು.

• ಶೂ, ಕನ್ನಡಕ, ಫೋನು ಸಿಕ್ಕಿದರೆ ತಲೆಯ ಮೇಲೆ ಎತ್ತಿ ಹಿಡಿಯಬೇಕು.

• ತಳ್ಳುವುದು ಸರಿ. ಗುದ್ದುವುದು, ಮೊಣಕೈಯಲ್ಲಿ ತಿವಿಯುವುದು ತಪ್ಪು.

• ಅಂಚಿನಲ್ಲಿ ನಿಂತು ನೋಡುವವರನ್ನು ಒಳಗೆ ಎಳೆಯುವಂತಿಲ್ಲ.

• ಸುಸ್ತಾದವರಿಗೆ ದಾರಿ ಬಿಡಬೇಕು, ನೀರು ಹಂಚಿಕೊಳ್ಳಬೇಕು.

ಅರಮನೆ ಮೈದಾನದ ಆ ಸಂಜೆ

2007ರ ಮಾರ್ಚ್ 17, ಶನಿವಾರ. ಮೇಖ್ರಿ ಸರ್ಕಲ್ ಕಡೆಯ ರಸ್ತೆಗಳಲ್ಲಿ ಕಪ್ಪು ಬಟ್ಟೆಯ ಹುಡುಗರ ಸಾಲು. ಮುಂಬೈ, ಕೋಲ್ಕತ್ತಾ, ಈಶಾನ್ಯದ ರಾಜ್ಯಗಳಿಂದೆಲ್ಲ ರೈಲು ಹಿಡಿದು ಬಂದಿದ್ದರು. ಐರನ್ ಮೇಡನ್ ಭಾರತದಲ್ಲಿ ನುಡಿಸುತ್ತಿದ್ದುದು ಅದೇ ಮೊದಲು. ಈ ಮಟ್ಟದ ಹೆವಿ ಮೆಟಲ್ ತಂಡವೊಂದು, ಅದೂ ಕೀರ್ತಿಯ ಉತ್ತುಂಗದಲ್ಲಿ, ನಮ್ಮ ನೆಲಕ್ಕೆ ಬಂದದ್ದೇ ಆ ದಿನ. ಅವರಿಗಿಂತ ಮುಂಚೆ ವೇದಿಕೆಯೇರಿದವರಲ್ಲಿ ದಿಲ್ಲಿಯ ಪರಿಕ್ರಮ ತಂಡವೂ ಇತ್ತು.

ಅಲ್ಲಿದ್ದವರನ್ನು ಇವತ್ತು ಕೇಳಿ ನೋಡಿ. ಮೊದಲು ಹಾಡುಗಳ ಪಟ್ಟಿ ಹೇಳುತ್ತಾರೆ. ಆಮೇಲೆ ಮಾತು ಮೆಲ್ಲಗೆ ಇನ್ನೊಂದು ಕಡೆಗೆ ಹೊರಳುತ್ತದೆ: ‘ನಮ್ಮಂಥವರು ಇಷ್ಟು ಜನ ಇದ್ದಾರೆ ಅಂತ ಗೊತ್ತೇ ಇರಲಿಲ್ಲ.’ ಕಾಲೇಜಿನಲ್ಲಿ ಒಬ್ಬನೋ ಇಬ್ಬರೋ, ಓಣಿಗೆ ಒಬ್ಬನೂ ಇಲ್ಲ ಎಂಬಂತೆ ಬೆಳೆದವರು ಆ ಸಂಜೆ ಸುತ್ತ ತಿರುಗಿ ನೋಡಿದರೆ ಸಾವಿರಾರು ಕಂಠಗಳು ಅದೇ ಸಾಲನ್ನು ಹಾಡುತ್ತಿದ್ದವು.

ಆಮೇಲೆ ದೊಡ್ಡ ತಂಡಗಳಿಗೆ ಬೆಂಗಳೂರಿನ ದಾರಿ ತಿಳಿಯಿತು. ಅವುಗಳ ಜೊತೆಗೆ ಊರಿನ ತಂಡಗಳಿಗೂ ದೊಡ್ಡ ವೇದಿಕೆ ಸಿಕ್ಕಿತು. 2011ರಲ್ಲಿ ಮೆಟಾಲಿಕಾ ಬಂದಾಗ ಅವರಿಗಿಂತ ಮುಂಚೆ ನುಡಿಸಿದವರಲ್ಲಿ ಬೆಂಗಳೂರಿನದೇ ಇನ್ನರ್ ಸ್ಯಾಂಕ್ಟಂ ಇತ್ತು. ಜನರ ನಡುವೆ ನಿಂತು ಕುಣಿಯುತ್ತಿದ್ದ ಹುಡುಗರೇ ವೇದಿಕೆಯ ಮೇಲೆ!

ಬೆಂಗಳೂರಿಗೆ ಬಂದವರು

2007: ಐರನ್ ಮೇಡನ್, ಅರಮನೆ ಮೈದಾನ

2008: ಮೆಗಾಡೆತ್, ಮಷೀನ್ ಹೆಡ್

2009: ಐರನ್ ಮೇಡನ್ ಎರಡನೆಯ ಸಲ

2011: ಮೆಟಾಲಿಕಾ, ಅಕ್ಟೋಬರ್ 30, ಅರಮನೆ ಮೈದಾನ

2012: ಮೊದಲ ‘ಬೆಂಗಳೂರು ಓಪನ್ ಏರ್’ ಉತ್ಸವದಲ್ಲಿ ಜರ್ಮನಿಯ ಕ್ರಿಯೇಟರ್, ಅಕ್ಟೋಬರ್‌ನಲ್ಲಿ ಸ್ಲೇಯರ್

ಕ್ಯಾಸೆಟ್ಟಿನ ಕಾಲ

2007ರ ಆ ಜನಸಾಗರ ಒಂದೇ ದಿನದಲ್ಲಿ ಸೇರಿದ್ದಲ್ಲ. ಅದರ ಹಿಂದೆ ಎರಡು ದಶಕಗಳ ಕ್ಯಾಸೆಟ್ ಸಹವಾಸವಿತ್ತು.

1980ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಮಿಲೆನಿಯಂ ಎಂಬ ತಂಡ ಹುಟ್ಟಿತು. ಸ್ವಂತ ಹಾಡು ಕಟ್ಟಿದ ಭಾರತದ ಮೊದಮೊದಲ ಮೆಟಲ್ ತಂಡಗಳಲ್ಲಿ ಅದೂ ಒಂದು. 1990ರ ದಶಕದ ಆರಂಭದಲ್ಲಿ ಇನ್ನೂ ಕರಾಳವಾದ ನಾದ ಹಿಡಿದು ಡೈಯಿಂಗ್ ಎಂಬ್ರೇಸ್ ಬಂತು. 1998ರಲ್ಲಿ ಕ್ರಿಪ್ಟೋಸ್. ಆಮೇಲೆ ಥ್ರೆನಡಿ, ಮೈಂಡ್‌ಸ್ನೇರ್. ಇವರ ನಂತರದ್ದು, ನಮ್ಮ ಬೀದಿಯ ಬೈಗುಳವನ್ನೇ ಹೆಸರಾಗಿಸಿಕೊಂಡ ಬೇವರ್ ಸೀ.

ಆ ಕ್ಯಾಸೆಟ್ಟಿನ ಕಾಲಕ್ಕೆ ಹಾಡು ಸಿಗುವುದೇ ಕಷ್ಟ. ವಿದೇಶದಿಂದ ಬಂದ ಯಾರದೋ ಮಾವ ತಂದ ಕ್ಯಾಸೆಟ್ಟು ಹತ್ತು ಮನೆ ಸುತ್ತುತ್ತಿತ್ತು. ಎರಡು ಡೆಕ್ಕಿನ ಟೇಪ್‌ರೆಕಾರ್ಡರ್ ಇದ್ದವನ ಮನೆಯಲ್ಲಿ ಭಾನುವಾರ ಸಭೆ. ಖಾಲಿ ಕ್ಯಾಸೆಟ್ ಕೊಂಡು ತರುವವನೊಬ್ಬ, ಹಾಡಿನ ಹೆಸರುಗಳನ್ನು ಬಾಲ್‌ಪೆನ್ನಿನಲ್ಲಿ ಚೆಂದವಾಗಿ ಬರೆಯುವವನೊಬ್ಬ, ಲೋಗೋ ಬಿಡಿಸುವವನು ಇನ್ನೊಬ್ಬ. ಪ್ರತಿಯ ಪ್ರತಿ ತೆಗೆದು ತೆಗೆದು ಸುಯ್ ಸದ್ದು ಹಾಡಿಗಿಂತ ಜೋರಾಗಿರುತ್ತಿತ್ತು. ಆದರೂ ಅದು ಗೆಳೆಯ ಕೊಟ್ಟ ಹಾಡು. ಹಾಡಿನ ಜೊತೆಗೆ ಕೊಟ್ಟವನೂ ನೆನಪಿನಲ್ಲಿ ಉಳಿಯುತ್ತಿದ್ದ.

ಓದಲು ಅಲಹಾಬಾದಿನಿಂದ ಬರುತ್ತಿದ್ದ ‘ರಾಕ್ ಸ್ಟ್ರೀಟ್ ಜರ್ನಲ್’ ಇತ್ತು. 1993ರಲ್ಲಿ ಶುರುವಾದ ಆ ಪತ್ರಿಕೆ ಗುವಾಹಟಿಯ ಹುಡುಗನಿಗೆ ಬೆಂಗಳೂರಿನ ತಂಡವನ್ನು ಪರಿಚಯಿಸಿತು. ಕೇಳಲು ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’ ಸ್ಪರ್ಧೆ ಇತ್ತು; ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ಟಿಕೆಟ್ಟಿಲ್ಲದೆ ನಡೆಯುತ್ತಿದ್ದ ‘ಫ್ರೀಡಂ ಜ್ಯಾಮ್’ ಇತ್ತು. ಕೂರಲು ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ ಇತ್ತು. ಜೇಬಿನಲ್ಲಿ ಹೆಚ್ಚು ಹಣವಿಲ್ಲದವರೂ ಒಂದು ಲೋಟ ಹಿಡಿದು ಗಂಟೆಗಟ್ಟಲೆ ಹಾಡು ಕೇಳಬಹುದಾದ ಜಾಗ ಅದು.

ಬೆಂಗಳೂರಿನಲ್ಲೇ ಇದೆಲ್ಲ ಯಾಕೆ ಬೇರುಬಿಟ್ಟಿತು? ದಂಡು ಪ್ರದೇಶದ ಇಂಗ್ಲಿಷ್ ಹಾಡಿನ ಹಳೆಯ ನಂಟು, ಚರ್ಚುಗಳ ಸಂಗೀತ, ಕಾಲೇಜು ಉತ್ಸವಗಳು, ಪಬ್ಬುಗಳು ಎಲ್ಲವೂ ಕಾರಣ. ಇನ್ನೊಂದು ದೊಡ್ಡ ಕಾರಣ, ಇದು ಹೊರಗಿನಿಂದ ಬಂದವರ ಊರು. ದಾವಣಗೆರೆಯಿಂದ, ಇಂಫಾಲದಿಂದ, ಕೊಚ್ಚಿಯಿಂದ ಓದಲು, ದುಡಿಯಲು ಬಂದು ಪಿ.ಜಿ. ಕೋಣೆಯಲ್ಲಿ ಉಳಿದವರಿಗೆ ಮೊದಲು ಬೇಕಾದದ್ದು ಊಟ, ಆಮೇಲೆ ಗೆಳೆಯರು.

ಎದೆಯ ಮೇಲಿನ ಪರಿಚಯಪತ್ರ

ಮೆಟಲ್ ಗೆಳೆತನ ಶುರುವಾಗುವುದು ಬಹಳ ಸರಳವಾಗಿ. ಬಿಎಂಟಿಸಿ ಬಸ್ಸಿನಲ್ಲಿ ಒಬ್ಬ ಹುಡುಗಿ ನಿಂತಿದ್ದಾಳೆ. ಟೀಶರ್ಟಿನ ಮೇಲೆ ಮುಳ್ಳುಮುಳ್ಳಾದ ಲೋಗೋ. ಬೇರೆಯವರಿಗೆ ಅದು ಓದಲಾಗದ ಗೀಚು. ಎದುರಿಗಿರುವವನಿಗೆ ಮಾತ್ರ ಅದು ಯಾವ ತಂಡ, ಯಾವ ಆಲ್ಬಂ ಎಂದು ಗೊತ್ತು. ತಲೆಯಾಡಿಸಿ ನಗುತ್ತಾನೆ. ಇಳಿಯುವಷ್ಟರಲ್ಲಿ ಮುಂದಿನ ಶನಿವಾರದ ಶೋ ಎಲ್ಲಿ ಎಂದು ಇಬ್ಬರಿಗೂ ತಿಳಿದಿರುತ್ತದೆ.

ಜಾತಿ ಯಾವುದು, ಮನೆಮಾತು ಯಾವುದು, ಸಂಬಳ ಎಷ್ಟು ಎಂಬ ನಮ್ಮ ಎಂದಿನ ಪ್ರಶ್ನೆಗಳು ಅಲ್ಲಿ ಹಿಂದೆ ಸರಿಯುತ್ತವೆ. ‘ಯಾವ ಬ್ಯಾಂಡ್ ಕೇಳ್ತೀಯ ಗುರು?’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಗೆಳೆತನಕ್ಕೆ ಇಷ್ಟು ಕಡಿಮೆ ಕಾಗದಪತ್ರ ಕೇಳುವ ಜಾಗಗಳು ನಮ್ಮ ಸಮಾಜದಲ್ಲಿ ಹೆಚ್ಚಿಲ್ಲ. ಅದಕ್ಕೇ ಇದರ ಬೆಲೆ ದೊಡ್ಡದು.

ಎರಡು ಬೆರಳು ಎತ್ತಿ ಕೊಂಬು ತೋರಿಸುವ ಸನ್ನೆಯೂ ಅಂಥದ್ದೇ ಪರಿಚಯ. ಅದನ್ನು ಮೆಟಲ್ ಲೋಕಕ್ಕೆ ಹರಡಿದವರು ಓಝಿಯ ನಂತರ ಬ್ಲ್ಯಾಕ್ ಸಬಾತ್ ಸೇರಿದ ರಾನಿ ಜೇಮ್ಸ್ ಡಿಯೊ. ಇಟಲಿ ಮೂಲದ ಅವರ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲಿ ಎಂದು ಆ ಸನ್ನೆ ಮಾಡುತ್ತಿದ್ದರಂತೆ. ಸೈತಾನನ ಪೂಜೆ ಎಂದು ಹಲವರು ಹೆದರಿದ ಸನ್ನೆಯ ಹಿಂದೆ ಇದ್ದದ್ದು ಮೊಮ್ಮಗನಿಗೆ ದೃಷ್ಟಿ ತೆಗೆಯುವ ಅಜ್ಜಿಯ ಕೈ.

ಆರೋಪ, ಉತ್ತರ

ಮೆಟಲ್ ಮೇಲಿನ ಆರೋಪಗಳು ಹೊಸವಲ್ಲ. 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಇಂಥ ಹಾಡುಗಳ ಬಗ್ಗೆ ವಿಚಾರಣೆ ನಡೆಸಿತು. ಟ್ವಿಸ್ಟೆಡ್ ಸಿಸ್ಟರ್ ತಂಡದ ಡೀ ಸ್ನೈಡರ್ ಕೆದರಿದ ಕೂದಲಿನಲ್ಲೇ ಹೋಗಿ ಸಮಿತಿಯ ಮುಂದೆ ಸ್ಪಷ್ಟವಾಗಿ ಉತ್ತರ ಕೊಟ್ಟರು. 1990ರಲ್ಲಿ ನೆವಾಡಾದ ನ್ಯಾಯಾಲಯದಲ್ಲಿ, ಯುವಕರ ಆತ್ಮಹತ್ಯೆಗೆ ಜೂಡಸ್ ಪ್ರೀಸ್ಟ್ ತಂಡದ ಹಾಡೇ ಕಾರಣ ಎಂಬ ಮೊಕದ್ದಮೆ ನಡೆಯಿತು. ಅದು ನಿಲ್ಲಲಿಲ್ಲ.

ಹಾಗಂತ ಕಪ್ಪು ಪುಟಗಳೇ ಇಲ್ಲವೆನ್ನಲಾಗದು. 1990ರ ದಶಕದ ಆರಂಭದಲ್ಲಿ ನಾರ್ವೆಯ ಒಂದು ಸಣ್ಣ ಗುಂಪು ಚರ್ಚುಗಳಿಗೆ ಬೆಂಕಿ ಇಟ್ಟಿತು, ಕೊಲೆಯೂ ನಡೆಯಿತು. ಜನಾಂಗದ್ವೇಷ ಸಾರುವ ತಂಡಗಳು ಈಗಲೂ ಮೂಲೆಯಲ್ಲಿವೆ. ಅವರನ್ನು ದೂರ ಇಡುವ ಹೊಣೆ ಹೆಚ್ಚಾಗಿ ಅಭಿಮಾನಿಗಳದೇ. ಆ ಜಗಳ ಒಳಗೆ ನಡೆಯುತ್ತಲೇ ಇದೆ, ನಡೆಯಬೇಕು ಕೂಡ.

ಸಂಶೋಧಕರ ಉತ್ತರ ಸಮಾಧಾನ ತರುವಂಥದ್ದು. ಸಮಾಜಶಾಸ್ತ್ರಜ್ಞೆ ಡೀನಾ ವೈನ್‌ಸ್ಟೈನ್ 1991ರಲ್ಲೇ ಮೆಟಲ್ ಅಭಿಮಾನಿಗಳನ್ನು ಒಂದು ಸಮುದಾಯವಾಗಿ ನೋಡಿ ಪುಸ್ತಕ ಬರೆದರು. ತಮ್ಮನ್ನು ದೂರ ಇಟ್ಟದ್ದನ್ನೇ ಹೆಮ್ಮೆಯಾಗಿ ತೊಟ್ಟು ಒಂದಾದವರು ಎಂಬುದು ಅವರ ನೋಟ. ಅದರ ನಂತರ ಮನಶ್ಶಾಸ್ತ್ರಜ್ಞರು, ಭೌತವಿಜ್ಞಾನಿಗಳೂ ಪಿಟ್‌ನ ಕಡೆ ಕಣ್ಣು ಹಾಯಿಸಿದರು.

ಪ್ರಯೋಗಶಾಲೆ ಕಂಡ ಮೆಟಲ್

• 2013: ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮೆಟಲ್ ಶೋಗಳ ವಿಡಿಯೊ ಅಳೆದು ನೋಡಿದರು. ಮಾಶ್ ಪಿಟ್‌ನಲ್ಲಿ ಜನ ಚಲಿಸುವ ರೀತಿ ಅನಿಲದ ಅಣುಗಳ ಚಲನೆಯನ್ನು ಹೋಲುತ್ತದೆ. ಜನ ವೃತ್ತಾಕಾರದಲ್ಲಿ ಓಡುವ ಸರ್ಕಲ್ ಪಿಟ್‌ನಲ್ಲಿ ಅದು ಸುಳಿಯಾಗುತ್ತದೆ.

• 2015: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 39 ಕೇಳುಗರಿಗೆ ಮೊದಲು ಸಿಟ್ಟು ಬರುವ ಸಂಗತಿಗಳನ್ನು ನೆನಪಿಸಲಾಯಿತು. ತಮ್ಮ ಇಷ್ಟದ ಬಿರುಸು ಸಂಗೀತ ಕೇಳಿದ ಮೇಲೆ ಅವರ ಸಿಟ್ಟು ಏರಲಿಲ್ಲ. ಉತ್ಸಾಹ ಹೆಚ್ಚಿತು.

• 2015: 1980ರ ದಶಕದ ಮೆಟಲ್ ಅಭಿಮಾನಿಗಳನ್ನು ನಡುವಯಸ್ಸಿನಲ್ಲಿ ಮಾತಾಡಿಸಿದ ಅಮೆರಿಕದ ಅಧ್ಯಯನವೊಂದು, ಅವರು ಹರೆಯದಲ್ಲಿ ಹೆಚ್ಚು ಸಂತೋಷವಾಗಿದ್ದರು, ಈಗ ಬದುಕಿಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ ಎಂದು ಕಂಡಿತು.

ಈ ಕೊನೆಯ ಅಧ್ಯಯನ ನನಗೆ ಮುಖ್ಯ ಅನಿಸುತ್ತದೆ. ಆ ಹುಡುಗ ಹುಡುಗಿಯರಲ್ಲಿ ಅನೇಕರ ಬಾಲ್ಯ ಸುಖದ್ದಾಗಿರಲಿಲ್ಲ. ಅವರನ್ನು ಕಾಪಾಡಿದ್ದರಲ್ಲಿ ಜೊತೆಗಾರರ ಪಾಲು ದೊಡ್ಡದು ಎಂಬುದು ಸಂಶೋಧಕರ ಗ್ರಹಿಕೆ. ಹಾಡು ನೋವಿಗೆ ಮಾತು ಕೊಟ್ಟಿತು. ಅದೇ ಮಾತಾಡುವ ಇನ್ನೊಬ್ಬರು ಸಿಕ್ಕಿದ ಮೇಲೆ ನೋವು ಹೊರುವ ಹೆಗಲು ಎರಡಾಯಿತು.

ಊರಿಗೆ ಊರೇ ಉತ್ಸವ

ಜರ್ಮನಿಯ ಉತ್ತರದಲ್ಲಿ ವಾಕನ್ ಎಂಬ ಹಳ್ಳಿಯಿದೆ. ಜನಸಂಖ್ಯೆ ಸುಮಾರು 2,000. 1990ರಲ್ಲಿ ಅಲ್ಲಿನ ಇಬ್ಬರು ಗೆಳೆಯರು ನಡೆಸಿದ ಮೆಟಲ್ ಉತ್ಸವಕ್ಕೆ ಬಂದವರು ಸುಮಾರು 800. ಇವತ್ತು ‘ವಾಕನ್ ಓಪನ್ ಏರ್’ಗೆ 80,000ಕ್ಕೂ ಮಿಕ್ಕಿ ಜನ ಸೇರುತ್ತಾರೆ. ಹಸು ಮೇಯುವ ಹುಲ್ಲುಗಾವಲೇ ಮೈದಾನ. ಹಳ್ಳಿಯವರು ಮನೆ ಮುಂದೆ ಕಾಫಿ, ತಿಂಡಿ ಮಾರುತ್ತಾರೆ. ಊರಿನ ಅಗ್ನಿಶಾಮಕ ದಳದ ವಾದ್ಯವೃಂದ ವೇದಿಕೆಯೇರಿ ನುಡಿಸಿದರೆ, ಹಚ್ಚೆ ತುಂಬಿದ ತೋಳುಗಳು ಅದಕ್ಕೂ ಅಷ್ಟೇ ಪ್ರೀತಿಯಿಂದ ಮೇಲೇಳುತ್ತವೆ. 2006ರಲ್ಲಿ ಕೊರಿಯಾ ಮೂಲದ ನಿರ್ದೇಶಕಿ ಸುಂಗ್ ಹ್ಯುಂಗ್ ಚೊ ಆ ಹಳ್ಳಿಗರ ಮೇಲೆಯೇ ಸಾಕ್ಷ್ಯಚಿತ್ರ ಮಾಡಿದರು.

2023ರಲ್ಲಿ ಮಳೆ ಸುರಿದು ಹೊಲವೆಲ್ಲ ಕೆಸರಾಯಿತು. ಕೊನೆಗೆ ಹೊಸಬರ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಕೆಸರಲ್ಲಿ ಹೂತ ಕಾರುಗಳನ್ನು ಟ್ರ್ಯಾಕ್ಟರುಗಳು ಎಳೆದು ಹಾಕಿದವು.

ಆ ಹಳ್ಳಿಯ ವೇದಿಕೆಗೆ 2013ರಲ್ಲಿ ನಮ್ಮ ಕ್ರಿಪ್ಟೋಸ್ ಹೋಯಿತು. ಅದಕ್ಕೆ ಒಂದು ವರ್ಷ ಮುಂಚೆ, 2012ರಲ್ಲಿ, ವಾಕನ್ ಜೊತೆಗೂಡಿ ‘ಬೆಂಗಳೂರು ಓಪನ್ ಏರ್’ ಆರಂಭವಾಗಿತ್ತು. ದೇಶದ ತಂಡಗಳು ಸ್ಪರ್ಧಿಸಿ, ಗೆದ್ದವರು ಜರ್ಮನಿಗೆ ಹೋಗುವ ದಾರಿಯೂ ಇತ್ತು. ಕೆಲಸದ ನಡುವೆ ರಜೆ ಹೊಂದಿಸಿ, ಕೈಯ ದುಡ್ಡು ಹಾಕಿ, ಶನಿವಾರ ರಾತ್ರಿ ತಾಲೀಮು ಮಾಡಿ ಬೆಳೆದ ತಂಡಗಳು ಇವು. ಅವರನ್ನು ಉಳಿಸಿದ್ದು ಟೀಶರ್ಟು ಕೊಂಡ, ಟಿಕೆಟ್ಟಿಗೆ ಸಾಲು ನಿಂತ, ಆಂಪ್ಲಿಫೈಯರ್ ಹೊರಲು ಕೈ ಜೋಡಿಸಿದ ಗೆಳೆಯರು.

ಇನ್ನೂ ತೆರೆಯಬೇಕಾದ ಬಾಗಿಲು

ಈ ಬಳಗದ ಮೇಲೆ ಪ್ರೀತಿ ಇರುವುದರಿಂದಲೇ ಒಂದು ಮಾತು ಹೇಳಬೇಕು. ಇದು ಈಗಲೂ ಹೆಚ್ಚಾಗಿ ಗಂಡು ಹುಡುಗರ ಜಾಗ. ಶೋಗೆ ಬರುವ ಹುಡುಗಿಗೆ ‘ಈ ಬ್ಯಾಂಡಿನ ಮೂರು ಹಾಡು ಹೇಳು ನೋಡೋಣ’ ಎಂಬ ಪರೀಕ್ಷೆ ಕಾದಿರುತ್ತದೆ. ಹುಡುಗನಿಗೆ ಅದಿಲ್ಲ. ಗುಂಪಿನ ನೂಕುನುಗ್ಗಲಿನಲ್ಲಿ ಮೈಗೆ ಕೈ ಹಾಕುವವರೂ ಇದ್ದಾರೆ. ಬಿದ್ದವರನ್ನು ಎತ್ತುವ ನಿಯಮಕ್ಕೆ ಅರ್ಥ ಬರುವುದು, ಅಂಥ ಕೈಯನ್ನು ಹಿಡಿದು ಹೊರಗೆ ಹಾಕುವ ನಿಯಮವೂ ಅಷ್ಟೇ ಗಟ್ಟಿಯಾದಾಗ.

ಇಂಡೊನೇಷ್ಯಾದ ಗಾರುತ್ ಎಂಬಲ್ಲಿನ ಮೂವರು ಶಾಲಾ ಹುಡುಗಿಯರು ಹಿಜಾಬ್ ತೊಟ್ಟೇ 2014ರಲ್ಲಿ ‘ವಾಯ್ಸ್ ಆಫ್ ಬಾಚೆಪ್ರೊತ್’ ಎಂಬ ಮೆಟಲ್ ತಂಡ ಕಟ್ಟಿದರು. ಊರಿನವರ ವಿರೋಧ ಎದುರಿಸಿ ವಾಕನ್‌ವರೆಗೂ ಹೋದರು. 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದ ಮೊದಲ ಇಂಡೊನೇಷ್ಯಾ ತಂಡವಾದರು. ಹಳ್ಳಿಯ ಹುಡುಗಿಯರಿಗೆ ಈ ಸಂಗೀತ ತಮ್ಮದೂ ಅನಿಸಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಬಾಗಿಲು ಭಾಷೆಯದು, ಹಣದ್ದು. ಬೆಂಗಳೂರಿನ ತಂಡಗಳು ಬಹುತೇಕ ಇಂಗ್ಲಿಷಿನಲ್ಲೇ ಹಾಡುತ್ತವೆ. ದೊಡ್ಡ ಶೋಗಳ ಟಿಕೆಟ್ ಸಾವಿರಾರು ರೂಪಾಯಿ. ಹಾಸನದ, ಗದಗದ ಹುಡುಗನಿಗೆ ಇಂಗ್ಲಿಷ್ ಸಾಲು ಅರ್ಥವಾಗದಿದ್ದರೂ ಗಿಟಾರಿನ ರಿಫ್, ಮರಳಿ ಮರಳಿ ಬರುವ ಆ ನಾದದ ತುಣುಕು, ಅರ್ಥವಾಗುತ್ತದೆ. ಅವನು ಫೋನಿನಲ್ಲಿ ಕೇಳಿ, ಕಡಿಮೆ ಬೆಲೆಯ ಗಿಟಾರಿನಲ್ಲಿ ನುಡಿಸಿ ಕಲಿಯುತ್ತಿದ್ದಾನೆ. ಅವನ ಊರಿಗೆ ಶೋ ಹೋಗಬೇಕು, ಅವನ ಮಾತಿನಲ್ಲಿ ಹಾಡು ಹುಟ್ಟಬೇಕು.

ಇದಕ್ಕೆಲ್ಲ ಜಾಗ ಬೇಕು. 2008ರಲ್ಲಿ ಬೆಂಗಳೂರಿನ ಪಬ್ಬುಗಳಲ್ಲಿ ಲೈವ್ ಸಂಗೀತ, ಕುಣಿತಕ್ಕೆ ಪೊಲೀಸ್ ನಿರ್ಬಂಧ ಬಿದ್ದಾಗ ಮೊದಲು ಪೆಟ್ಟು ತಿಂದದ್ದು ಸಣ್ಣ ತಂಡಗಳು. ಇಂದಿಗೂ ಬಾಡಿಗೆ ಏರಿದಂತೆ ಸಣ್ಣ ವೇದಿಕೆಗಳು ಮುಚ್ಚುತ್ತಿವೆ. ಯಕ್ಷಗಾನಕ್ಕೆ ಬಯಲು ಬೇಕಾದಂತೆ ಮೆಟಲ್‌ಗೆ ಇನ್ನೂರು ಜನ ಹಿಡಿಯುವ, ಸದ್ದು ಹೊರಹೋಗದ ಒಂದು ಕೋಣೆ ಬೇಕು. ನಗರಪಾಲಿಕೆ, ಕಾಲೇಜು, ಕಲಾಕೇಂದ್ರಗಳು ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಲ್ಲ.

ಕೊನೆಯದಾಗಿ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಜೋರು ಹಾಡು ಕೇಳುವ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ‘ಆ ಗಲಾಟೆ ನಿಲ್ಲಿಸು’ ಅನ್ನುವ ಮೊದಲು, ಅದು ಯಾವ ಬ್ಯಾಂಡು ಅಂತ ಕೇಳಿ. ಒಂದು ಹಾಡನ್ನು ಜೊತೆಗೆ ಕೂತು ಪೂರ್ತಿ ಕೇಳಿ. ಇಷ್ಟವಾಗದಿದ್ದರೂ ಚಿಂತೆಯಿಲ್ಲ. ಮಗಳಿಗೋ ಮಗನಿಗೋ ಆ ಹಾಡನ್ನು ಹಂಚಿಕೊಳ್ಳಲು ಗೆಳೆಯರಿದ್ದಾರಾ ಎಂದು ತಿಳಿದುಕೊಳ್ಳಿ. ಇಲ್ಲವಾದರೆ ಮುಂದಿನ ಸಣ್ಣ ಶೋಗೆ ಕಳಿಸಿ, ಅಥವಾ ನೀವೇ ಕರೆದುಕೊಂಡು ಹೋಗಿ.

ಮೆಟಲ್ ಬಳಗದವರಿಗೂ ಒಂದು ಮಾತು. ದೊಡ್ಡ ತಂಡ ಯಾವಾಗಲೋ ಒಮ್ಮೆ ಬರುತ್ತದೆ. ಗೆಳೆತನ ಬೆಳೆಯುವುದು ತಿಂಗಳು ತಿಂಗಳು ನಡೆಯುವ ಮೂವತ್ತು ನಲವತ್ತು ಜನರ ಶೋಗಳಲ್ಲಿ. ಮುಂದಿನ ಸಲ ಹೋಗುವಾಗ, ಕೋಣೆಯಲ್ಲಿ ಒಬ್ಬರೇ ಕೂತು ಕೇಳುತ್ತಿರುವ ಯಾರಾದರೂ ನಿಮಗೆ ಗೊತ್ತಿದ್ದರೆ, ಅವರಿಗೂ ಒಂದು ಟಿಕೆಟ್ ತೆಗೆಯಿರಿ.